ಒಂದೇ ತೋಟದ ಅರೇಬಿಕಾ ಹಿತ್ತಾಳೆ ಫಿಲ್ಟರ್‌ನಲ್ಲಿ ಹುಳಿ ಬರ್ತಿದೆ: ತಪ್ಪು ತೋಟದ್ದಾ, ಹುರಿದವರದ್ದಾ, ನಮ್ಮದಾ?

ಕುವೆಂಪುನಗರ_ಕಾಫಿ
ಎಲ್ಲರಿಗೂ ನಮಸ್ಕಾರ. ಕೊಡಗಿನ ಮೂರೆಕರೆ ತೋಟವೊಂದರ ಅರೇಬಿಕಾ ಪುಡಿ ತರಿಸಿದ್ದೀವಿ. ಪ್ಯಾಕೆಟ್ ಮೇಲೆ ಇರೋದು ಇಷ್ಟು: ಸಿಂಗಲ್ ಒರಿಜಿನ್ (ಒಂದೇ ಕಡೆಯ ಕಾಫಿ), ಎಸ್.795 (ತಳಿ), ವಾಶ್ಡ್ (ಸಿಪ್ಪೆ, ಲೋಳೆ ತೆಗೆದು ತೊಳೆದು ಒಣಗಿಸಿದ್ದು), 1100 ಮೀಟರ್ ಎತ್ತರ, ಲೈಟ್ ಮೀಡಿಯಂ ರೋಸ್ಟ್. ಚಿಕೋರಿ ಇಲ್ಲ. ಹಿತ್ತಾಳೆ ಫಿಲ್ಟರ್‌ಗೆ ದಿನಾ ಹಾಕೋ ಹಾಗೆ ಮೂರು ಚಮಚ ಹಾಕಿ ಕುದಿಯೋ ನೀರು ಸುರಿದ್ರೆ ಹತ್ತೇ ನಿಮಿಷಕ್ಕೆ ಅಷ್ಟೂ ಇಳಿದುಹೋಗುತ್ತೆ. ಡಿಕಾಕ್ಷನ್ ತೆಳು, ಹುಳಿ. ಹಾಲು ಬೆರೆಸಿದ್ರೆ ಒಡೆದ ಹಾಗೆ ಸಣ್ಣ ಸಣ್ಣ ಕಾಳು. ನಮ್ಮ ಬೀದಿಯ ಐದು ಮನೆಯವರು ಸೇರಿ ತಿಂಗಳಿಗೆ ಹತ್ತು ಕೆಜಿ ನೇರವಾಗಿ ಸಣ್ಣ ಬೆಳೆಗಾರರಿಂದಲೇ ಕೊಳ್ಳೋಣ ಅಂತ ಯೋಚನೆ ಇದೆ. ಅದಕ್ಕೆ ಮುಂಚೆ ಈ ಹುಳಿ ಎಲ್ಲಿಂದ ಬಂತು, ಕೊಳ್ಳುವಾಗ ಏನೇನು ಕೇಳಬೇಕು ಅಂತ ತಿಳಿದವರು ಹೇಳಿ.

ಅಗ್ರಹಾರ_ಫಿಲ್ಟರ್
ಹತ್ತೇ ನಿಮಿಷಕ್ಕೆ ಇಳೀತು ಅಂದ್ರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ನಮ್ಮ ಫಿಲ್ಟರ್‌ಗೆ ಅಭ್ಯಾಸವಾಗಿರೋದು ಚಿಕೋರಿ ಬೆರೆಸಿದ ಪುಡಿ. ಚಿಕೋರಿ ನೀರು ಹೀರಿ ಉಬ್ಬಿ ದಾರಿ ಬಿಗಿ ಮಾಡುತ್ತೆ, ಹಾಗಾಗಿ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತೆ. ಚಿಕೋರಿ ಇಲ್ಲದ ಪುಡಿ ಅದೇ ದಪ್ಪದಲ್ಲಿದ್ರೆ ನೀರು ಸರ‍್ರನೆ ಜಾರಿಹೋಗುತ್ತೆ. ಕಾಫಿಯಲ್ಲಿ ಹುಳಿ ಅಂಶ ಮೊದಲು ಬಿಡುತ್ತೆ, ಸಿಹಿ ಮತ್ತು ಕಹಿ ಆಮೇಲೆ. ಬೇಗ ಇಳಿದ ಡಿಕಾಕ್ಷನ್‌ನಲ್ಲಿ ಹುಳಿ ಒಂದೇ ಸಿಕ್ಕಿರುತ್ತೆ.

ಚಮಚದ ಲೆಕ್ಕ ಬಿಟ್ಟು ತೂಕ ಮಾಡಿ. 30 ಗ್ರಾಂ ಪುಡಿ, 180 ಎಂಎಲ್ ನೀರು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರು ಹಿಡಿದುಕೊಳ್ಳುತ್ತೆ, ಕೆಳಗೆ ಸಿಗೋದು 120 ಎಂಎಲ್ ಆಸುಪಾಸು. ಪುಡಿ ಟೇಬಲ್ ಉಪ್ಪಿಗಿಂತ ನುಣ್ಣಗಿರಲಿ, ಮೈದಾ ಹಾಗೆ ಆಗೋದು ಬೇಡ. ತಟ್ಟೆಯಿಂದ ಹಗುರಾಗಿ ಒತ್ತಿ. ಮೊದಲು 60 ಎಂಎಲ್ ಸುತ್ತ ಸುರಿದು ಒಂದು ನಿಮಿಷ ನೆನೆಯೋಕೆ ಬಿಡಿ, ಆಮೇಲೆ ಉಳಿದದ್ದು. 20ರಿಂದ 30 ನಿಮಿಷದಲ್ಲಿ ಇಳಿದ್ರೆ ಸರಿ. 12 ನಿಮಿಷದ ಒಳಗಾದ್ರೆ ಇನ್ನೂ ನುಣ್ಣಗೆ ಬೀಸಿಸಿ. 45 ದಾಟಿದ್ರೆ ಪುಡಿ ಅತಿ ಸಣ್ಣ, ಇಲ್ಲಾ ತೂತು ಕಟ್ಟಿದೆ.

ಚಾಮುಂಡಿಪುರಂ_88
ಒಂದು 10% ಚಿಕೋರಿ ಹಾಕಿ, ಎಲ್ಲಾ ಸರಿಹೋಗುತ್ತೆ.

ಅಗ್ರಹಾರ_ಫಿಲ್ಟರ್
ಸರ್, ಸರಿ ಹೋಗೋದೇನೋ ಹೋಗುತ್ತೆ. ಆದ್ರೆ ಯಾವ ತೋಟ, ಯಾವ ತಳಿ ಅಂತ ಹುಡುಕಿ ಜಾಸ್ತಿ ದುಡ್ಡು ಕೊಟ್ಟ ಮೇಲೆ ಚಿಕೋರಿಯಲ್ಲಿ ಮುಚ್ಚಿಬಿಟ್ರೆ ತೋಟದ ರುಚಿ ಎಲ್ಲಿ ಉಳೀತು? ದಿನದ ಕಾಫಿಗೆ ಚಿಕೋರಿ ಇರಲಿ, ಬೇಡ ಅನ್ನಲ್ಲ. ಕಾನೂನು ಪ್ರಕಾರ ಮಿಶ್ರಣದಲ್ಲಿ ಕಾಫಿ 51%ಗಿಂತ ಕಡಿಮೆ ಇರಬಾರದು, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು. ಆ ಕಾಫಿಯೇ ಬೇರೆ, ಇದೇ ಬೇರೆ.

ಕಲಾಯಿ_ಕಣ್ರೀ
ಒಂದು ವಿಷಯ ಯಾರೂ ಕೇಳಲಿಲ್ಲ. ಹಿತ್ತಾಳೆ ಫಿಲ್ಟರ್‌ಗೆ ಒಳಗಡೆ ಕಲಾಯಿ ಇದೆಯಾ? ಸವೆದುಹೋಗಿದ್ರೆ ಹುಳಿ ಡಿಕಾಕ್ಷನ್ ನೇರ ಹಿತ್ತಾಳೆಗೆ ತಾಗಿ ಲೋಹದ ಒಗರು ಬರುತ್ತೆ. ಲೈಟ್ ರೋಸ್ಟ್‌ನಲ್ಲಿ ಹುಳಿ ಜಾಸ್ತಿ, ಹಾಗಾಗಿ ಇದು ಎದ್ದು ಕಾಣುತ್ತೆ. ಒಳಮೈ ಹಳದಿಯಾಗಿ ಕಂಡ್ರೆ ಕಲಾಯಿ ಹೋಗಿದೆ ಅಂತಲೇ ಅರ್ಥ. ತೂತು ಕಟ್ಟಿದೆ ಅಂತ ಸ್ಟೀಲ್ ಫಿಲ್ಟರ್ ಹಾಗೆ ಒಲೆ ಉರಿಗೆ ಹಿಡೀಬೇಡಿ. ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ನೆನೆಸಿ ಬ್ರಷ್‌ನಲ್ಲಿ ಉಜ್ಜಿ. ಪರೀಕ್ಷೆ ಸುಲಭ: ಅದೇ ಪುಡಿ ಒಂದ್ಸಲ ಸ್ಟೀಲ್ ಫಿಲ್ಟರ್‌ನಲ್ಲಿ ಮಾಡಿ ನೋಡಿ.

ಮಂಡ್ಯ_ಹಾಲು
ಅಣ್ಣ, ಹಾಲು ಒಡೆಯೋದಕ್ಕೆ ಕಾಫಿ ಒಂದನ್ನೇ ಬೈಬ್ಯಾಡಿ. ಬೆಳಗ್ಗೆ ಕರೆದ ಹಾಲು ಸಂಜೆಗಂಟ ಹೊರಗಿಟ್ರೆ ಅದೇ ಹುಳಿ ತಿರುಗಿರ್ತದೆ, ಬರೀ ಕಾಯಿಸುವಾಗ ಗೊತ್ತಾಗಕಿಲ್ಲ. ಅದಕ್ಕೆ ಹುಳಿ ಡಿಕಾಕ್ಷನ್ ಬಿಸಿಬಿಸಿ ಬಿದ್ರೆ ಕಾಳಾಯ್ತದೆ. ಹೊಸ ಹಾಲು ತಗಳಿ. ಹಾಲಿಗೆ ಡಿಕಾಕ್ಷನ್ ಸ್ವಲ್ಪ ಸ್ವಲ್ಪ ಬಿಡಿ, ಡಿಕಾಕ್ಷನ್‌ಗೆ ಹಾಲು ಸುರೀಬ್ಯಾಡಿ.

ಇನ್ನೊಂದು ನೀರಿನ ವಿಚಾರ. ಗಡಸು ಬೋರ್ ನೀರಲ್ಲಿ ಮಾಡಿದ್ರೆ ಹುಳಿ ಸತ್ತೋಗಿ ಕಾಫಿ ಸಪ್ಪೆ ಆಯ್ತದೆ. ಆರ್‌ಒ ನೀರಲ್ಲಿ ಉಪ್ಪಿನಂಶ ಬಹಳ ಕಮ್ಮಿ, ಹುಳಿ ಚುಚ್ಚ್‌ತದೆ. ನಿಮ್ದು ಯಾವುದು?

ಕುವೆಂಪುನಗರ_ಕಾಫಿ
ಆರ್‌ಒ. ಟಿಡಿಎಸ್ (ನೀರಲ್ಲಿ ಕರಗಿರೋ ಉಪ್ಪಿನಂಶದ ಅಳತೆ) 30 ತೋರಿಸುತ್ತೆ. ಕಲಾಯಿ ಒಂದು ಕಡೆ ಸವೆದಿದೆ.

ವಿಜಯನಗರ_ರೋಸ್ಟರ್
ಟಿಡಿಎಸ್ 30 ಕಾಫಿಗೆ ತುಂಬಾ ಕಮ್ಮಿ. ಸ್ಪೆಷಾಲಿಟಿ ಕಾಫಿಯವರ ಮಾನದಂಡ ಲೀಟರ್‌ಗೆ 150 ಮಿಲಿಗ್ರಾಂ, 75ರಿಂದ 250ರವರೆಗೆ ನಡೆಯುತ್ತೆ. ಆರ್‌ಒ ನೀರಿಗೆ ಕಾವೇರಿ ನಲ್ಲಿ ನೀರು ಬೆರೆಸಿ ಕಾಯಿಸಿ, ಮೀಟರ್ 100 ದಾಟಿದ್ರೆ ಸಾಕು.

ಈಗ ತೋಟದ ತಪ್ಪಾ, ಮನೆಯ ತಪ್ಪಾ ಅಂತ ತಿಳಿಯೋಕೆ ಫಿಲ್ಟರ್ ಪಕ್ಕಕ್ಕಿಡಿ. ಗಾಜಿನ ಲೋಟಕ್ಕೆ 8.25 ಗ್ರಾಂ ತರಿತರಿ ಪುಡಿ, 150 ಎಂಎಲ್ ನೀರು, 93 ಡಿಗ್ರಿ. ಮೈಸೂರು ಇರೋದು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು ಕುದಿಯೋದೇ 97.5ರ ಹತ್ತಿರ. ಒಲೆ ಆರಿಸಿ ಒಂದು ನಿಮಿಷದೊಳಗೆ ಸುರಿದ್ರೆ ಲೆಕ್ಕ ಸರಿ. ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಮೇಲಿನ ಕೆನೆಯನ್ನ ಚಮಚದಿಂದ ಒಡೆದು ಮೂಸಿ, ನೊರೆ ತೆಗೆದು, ಉಗುರುಬೆಚ್ಚಗಾಗೋವರೆಗೂ ಮತ್ತೆ ಮತ್ತೆ ಕುಡಿದು ನೋಡಿ. ಹುಳಿ ಎರಡು ಥರ. ಮೂಸಂಬಿ ಅಥವಾ ಹುಣಸೆಯಂಥ ಹುಳಿ, ಹಿಂದೆಯೇ ಸಿಹಿ ಬರುತ್ತೆ, ತಣ್ಣಗಾದಷ್ಟೂ ಚೆನ್ನಾಗಿರುತ್ತೆ: ಅದು ಬೀಜದ ಗುಣ. ಎಸ್.795ರಲ್ಲಿ ಇದು ಚೆನ್ನಾಗಿ ಸಿಗುತ್ತೆ. ಇನ್ನೊಂದು ಹೆಂಡ, ಕೊಳೆತ ಹಣ್ಣು, ವಿನೆಗರ್ ವಾಸನೆಯ ಹುಳಿ. ತಣ್ಣಗಾದಷ್ಟೂ ಕೆಟ್ಟದಾಗುತ್ತೆ. ಅದು ತೋಟದಲ್ಲಿ ಹುದುಗು ಹದ ಮೀರಿದ್ದು, ಯಾವ ಫಿಲ್ಟರೂ ಸರಿ ಮಾಡಲ್ಲ.

ಹುರಿದವರ ತಪ್ಪು ಕಂಡುಹಿಡಿಯೋಕೆ ಪುಡಿ ಬಿಟ್ಟು ಬೀಜವನ್ನೇ ತರಿಸಿ. ಒಂದು ಬೀಜ ಮುರಿದು ನೋಡಿ. ಹೊರಗೆ ಕಂದು, ಒಳಗೆ ತಿಳಿಯಾಗಿದ್ರೆ ಉರಿ ಜಾಸ್ತಿ ಕೊಟ್ಟು ಅವಸರ ಮಾಡಿದ್ದಾರೆ, ಹಸಿ ಹುಲ್ಲಿನ ವಾಸನೆ ಮತ್ತು ಹುಳಿ ಎರಡೂ ಬರುತ್ತೆ. ಹುರಿದ ದಿನಾಂಕ ನೋಡಿ. ಲೈಟ್ ರೋಸ್ಟ್‌ನೊಳಗಿನ ಗಾಳಿ ಹೋಗೋಕೆ ವಾರ ಬೇಕು, ಎರಡನೇ ದಿನವೇ ಪುಡಿ ಮಾಡಿದ್ರೆ ಪುಡಿ ಉಬ್ಬಿ ಉಬ್ಬಿ ನೀರು ಒಳಕ್ಕೆ ಇಳಿಯಲ್ಲ. ಹಾಲಿನ ಕಾಫಿಗೆ ಅಂತ ಮೊದಲೇ ಹೇಳಿದ್ರೆ ಮೊದಲ ಸಿಡಿತ (ಹುರಿಯುವಾಗ ಬೀಜ ಚಟಪಟ ಅನ್ನೋದು) ಮುಗಿದ ಮೇಲೂ ಸ್ವಲ್ಪ ಮುಂದುವರಿಸಿ, ಎರಡನೇ ಸಿಡಿತಕ್ಕೆ ಮುಂಚೆ ಇಳಿಸ್ತಾರೆ. ಅದೇ ನಮ್ಮ ಫಿಲ್ಟರ್‌ಗೆ ಹೊಂದೋ ಹದ.

ಸೋಮವಾರಪೇಟೆ_ಕಣ
ರೋಸ್ಟರ್ ಸರ್ ಹೇಳಿದ ಎರಡನೇ ಹುಳಿ ಬಗ್ಗೆ ತೋಟದ ಕಡೆಯಿಂದ ಹೇಳ್ತೀನಿ. ಸಣ್ಣ ತೋಟದಲ್ಲಿ ರುಚಿ ಕೆಡೋದು ಗಿಡದಲ್ಲಲ್ಲ, ಕುಯ್ದ ಮೇಲಿನ ಎರಡು ದಿನದಲ್ಲಿ.

ಹಣ್ಣು ಒಂದೇ ಸಲ ಕೆಂಪಾಗಲ್ಲ. ಹೂಮಳೆ ಎರಡು ಮೂರು ಕಂತಲ್ಲಿ ಬಿದ್ರೆ ಹೂವೂ ಕಂತಲ್ಲೇ, ಹಣ್ಣೂ ಕಂತಲ್ಲೇ. ಕೆಂಪಾದ್ದನ್ನೇ ಕುಯ್ಯಬೇಕಂದ್ರೆ ನವೆಂಬರ್‌ನಿಂದ ಜನವರಿವರೆಗೆ ಮೂರು ನಾಲ್ಕು ಸುತ್ತು ಬೇಕು. ಆಳುಗಳಿಗೆ ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟು ಕೆಂಪು ಮಾತ್ರ ಕುಯ್ಯಿ ಅಂದ್ರೆ ಆಗಲ್ಲ. ಹಸಿರೂ ಸೇರಿ ಬರ‍್ರನೆ ಎಳೆದ್ರೆ ಅವರಿಗೆ ತೂಕ ಬರುತ್ತೆ, ಅವರ ತಪ್ಪಲ್ಲ ಅದು. ದಿನಗೂಲಿ ಕೊಡಬೇಕು, ಇಲ್ಲಾ ಕೆಂಪು ಹಣ್ಣಿಗೆ ಕೆಜಿ ದರ ಏರಿಸಬೇಕು. ಆ ಖರ್ಚು ಕೊಳ್ಳೋರು ಕೊಡದಿದ್ರೆ ಎರಡು ಎಕರೆಯವರು ಒಂದೇ ಸಲ ಎಳೆದು ಮುಗಿಸ್ತಾರೆ.

ಕುಯ್ದ ದಿನವೇ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ತೆಗೆಯೋ ಯಂತ್ರಕ್ಕೆ) ಹಾಕಬೇಕು. ಮೊದಲು ನೀರಿನ ತೊಟ್ಟಿಗೆ ಸುರಿದ್ರೆ ಜೊಳ್ಳು, ಕಾಯಿಕೊರಕ ಹುಳು ಹೊಕ್ಕಿದ್ದು ತೇಲುತ್ತೆ, ತೆಗೆದುಬಿಡಿ. ಕೈ ಪಲ್ಪರ್‌ನ ಸಂದು ನೋಡ್ಕೊಳ್ಳಿ. ಬಿಗಿಯಾದ್ರೆ ಬೀಜ ಕತ್ತರಿಸಿ ಆ ಗಾಯದಲ್ಲೇ ಹುಳಿ ಹಿಡಿಯುತ್ತೆ, ಸಡಿಲವಾದ್ರೆ ಸಿಪ್ಪೆ ಉಳಿದು ತೊಟ್ಟಿ ಕೊಳೆಯುತ್ತೆ. ಮೊದಲ ಸುತ್ತಿನ ಹಣ್ಣು ಸಣ್ಣ, ನಡುವಿನದು ದಪ್ಪ. ಹಾಗಾಗಿ ಪ್ರತಿ ಸುತ್ತಿಗೂ ಒಂದು ಬೊಗಸೆ ಹಾಕಿ ಸಂದು ಹೊಂದಿಸಬೇಕು.

ಸಿಪ್ಪೆ ತೆಗೆದ ಬೀಜ ತೊಟ್ಟಿಯಲ್ಲಿ ಹುದುಗಿ ಲೋಳೆ ಬಿಡೋಕೆ ಅರೇಬಿಕಾಕ್ಕೆ 24ರಿಂದ 36 ಗಂಟೆ. ಚಳಿ ಜಾಸ್ತಿಯಾದ್ರೆ ಹೊತ್ತೂ ಜಾಸ್ತಿ. ಗಡಿಯಾರ ನೋಡಿ ತೊಳೆಯೋದಲ್ಲ. ಒಂದು ಹಿಡಿ ತಗೊಂಡು ನೀರಲ್ಲಿ ಉಜ್ಜಿದ್ರೆ ಜಲ್ಲಿಕಲ್ಲಿನ ಹಾಗೆ ಕರಕರ ಅನ್ನಬೇಕು. ರಾಶಿಗೆ ಕೋಲು ಚುಚ್ಚಿ ತೆಗೆದ್ರೆ ತೂತು ಮುಚ್ಚಬಾರದು. ಆ ಕ್ಷಣ ತೊಳೀರಿ. ಆಳಿಲ್ಲ, ನಾಳೆ ತೊಳೆಯೋಣ ಅಂತ ಬಿಟ್ಟ ಆ ಒಂದು ರಾತ್ರಿಯೇ ನಿಮ್ಮ ಲೋಟದ ಹೆಂಡದ ವಾಸನೆ. ಹಳೇ ತೊಟ್ಟಿಯ ಮೂಲೆಯಲ್ಲಿ ಸಿಕ್ಕಿಕೊಂಡ ನಿನ್ನೆಯ ಹತ್ತು ಬೀಜವೂ ಸಾಕು, ಇವತ್ತಿನ ರಾಶಿಗೆ ವಾಸನೆ ಹಚ್ಚುತ್ತೆ.

ಗಿರಿ_ಸೀಮೆ
ಕಣ ಅವರು ಹೇಳಿದ್ದು ನಿಜ, ಆದ್ರೆ ಒಣಗಿಸೋದು ಬಿಟ್ಟರು. ಅರ್ಧ ತೋಟ ಸೋಲೋದು ಅಲ್ಲೇ. ಪಾರ್ಚ್‌ಮೆಂಟ್ (ತೊಳೆದ, ಒಳತೊಗಟೆ ಇನ್ನೂ ಇರೋ ಬೀಜ) ಕಣದಲ್ಲಿ 4ರಿಂದ 7 ಸೆಂಟಿಮೀಟರ್ ದಪ್ಪಕ್ಕಿಂತ ಜಾಸ್ತಿ ಹರಡಬಾರದು, ಗಂಟೆಗೊಮ್ಮೆ ಕೈಯಾಡಬೇಕು. ಸಂಜೆ ರಾಶಿ ಮಾಡಿ ಮುಚ್ಚಬೇಕು, ಇಬ್ಬನಿ ತಾಗಬಾರದು. ಒಳ್ಳೆ ಬಿಸಿಲಿದ್ರೆ ಏಳರಿಂದ ಹತ್ತು ದಿನ. ತೇವ 10%ಗೆ ಬರಬೇಕು. ಮೀಟರ್ ಇಲ್ಲದವರಿಗೆ ಹಳೇ ದಾರಿ ಇದೆ: ಒಂದೇ ಡಬ್ಬ ತುಂಬಿ ದಿನಾ ತೂಗಿ, ಎರಡು ದಿನ ಒಂದೇ ತೂಕ ಬಂದ್ರೆ ಒಣಗಿದೆ.

ಮೆಣಸು ಒಣಗಿಸಿದ ಕಣದಲ್ಲೇ ಕಾಫಿ ಹಾಕಬೇಡಿ. ಗೊಬ್ಬರದ ಕೋಣೆಯಲ್ಲಿ ಮೂಟೆ ಇಡಬೇಡಿ. ಕಾಫಿ ವಾಸನೆ ಹೀರೋದ್ರಲ್ಲಿ ತುಪ್ಪಕ್ಕಿಂತ ಜಾಸ್ತಿ.

ಹೆಬ್ಬಾಳ_ಅಕ್ಕ
ಈಗ ಎಲ್ಲಾ ಕಡೆ ನ್ಯಾಚುರಲ್, ಹನಿ ಅಂತ ಬರೀತಾರಲ್ಲ, ಅದು ವಾಶ್ಡ್‌ಗಿಂತ ಮೇಲಾ? ಬೆಲೆಯಂತೂ ಮೇಲೇ ಇದೆ.

ಗಿರಿ_ಸೀಮೆ
ಮೇಲಲ್ಲ ಅಕ್ಕ, ಬೇರೆ. ನ್ಯಾಚುರಲ್ ಅಂದ್ರೆ ಹಣ್ಣನ್ನ ಸಿಪ್ಪೆ ಸಮೇತ ಒಣಗಿಸೋದು. ನಮ್ಮ ಹಳೇ ಚೆರ್ರಿಯೂ ಅದೇ. ವ್ಯತ್ಯಾಸ ಅಂದ್ರೆ ಪೂರ್ತಿ ಕೆಂಪು ಹಣ್ಣು ಮಾತ್ರ, ಎತ್ತರದ ಜಾಲರಿ ಟೇಬಲ್ ಮೇಲೆ ಒಂದೇ ಪದರ, ಮೇಲ್ಮೈ ಒಣಗೋವರೆಗೆ ರಾಶಿ ಮಾಡೋ ಹಾಗಿಲ್ಲ. ಎರಡು ಮೂರು ವಾರ ಹಿಡಿಯುತ್ತೆ. ಹನಿಯಲ್ಲಿ ಸಿಪ್ಪೆ ತೆಗೆದು ಲೋಳೆ ಉಳಿಸ್ತಾರೆ. ಮೊದಲ ಎರಡು ದಿನ ಕೈಯಾಡೋದು ತಪ್ಪಿದ್ರೆ ಅಂಟಿಕೊಂಡು ಉಂಡೆಯಾಗಿ ಬೂಸ್ಟು ಹಿಡಿಯುತ್ತೆ. ಡಿಸೆಂಬರ್‌ನಲ್ಲಿ ಮೋಡ ಕಟ್ಟಿದ್ರೆ, ಮೇಲೆ ಪಾಲಿಹೌಸ್ ಇಲ್ಲದವರು ಇದಕ್ಕೆ ಕೈ ಹಾಕೋದೇ ಬೇಡ.

ಹಾಲಿನ ಫಿಲ್ಟರ್ ಕಾಫಿಗೆ ವಾಶ್ಡ್ ತಗೊಳ್ಳಿ. ನ್ಯಾಚುರಲ್‌ನ ಹಣ್ಣಿನ ವಾಸನೆ ಹಾಲಲ್ಲಿ ಕೆಲವರಿಗೆ ಹಳಸಿದ ಹಾಗೇ ಅನ್ನಿಸುತ್ತೆ.

ಹುಣಸೂರು_ರಸ್ತೆ
ಬೆಲೆ ಅಂದ್ರಲ್ಲ, ಲೆಕ್ಕ ಹಾಕಿ. 100 ಕೆಜಿ ಅರೇಬಿಕಾ ಹಣ್ಣಿಗೆ ಒಣ ಪಾರ್ಚ್‌ಮೆಂಟ್ ಸುಮಾರು 20 ಕೆಜಿ. ತೊಗಟೆ ತೆಗೆಸಿದ್ರೆ 16 ಕೆಜಿ ಹಸಿರು ಬೀಜ. ಹುರಿಯುವಾಗ 15% ತೂಕ ಹೋಗುತ್ತೆ, ಉಳಿಯೋದು 13.6. ಅಂದ್ರೆ ನೀವು ಕೊಳ್ಳೋ ಒಂದು ಕೆಜಿ ಹುರಿದ ಕಾಫಿಗೆ ಏಳು ಕೆಜಿ ಮೇಲೆ ಹಣ್ಣು ಕುಯ್ದಿದ್ದಾರೆ. ಇದ್ರಲ್ಲಿ ಒಡಕು, ಕಪ್ಪು, ಕೊರಕ ತಿಂದದ್ದನ್ನ ಕೈಯಲ್ಲಿ ಆರಿಸಿದ್ರೆ ಇನ್ನೂ ಕಮ್ಮಿ. ಪ್ಯಾಕೆಟ್ ಬೆಲೆ ನೋಡಿ ದುಬಾರಿ ಅನ್ನೋಕೆ ಮುಂಚೆ ಹಣ್ಣು ಕುಯ್ದ ಕೂಲಿಯನ್ನ ಏಳರಿಂದ ಗುಣಿಸಿ.

ಜಯಲಕ್ಷ್ಮಿಪುರಂ_ಓದು
ಮೂರೆಕರೆ, ಎರಡೆಕರೆಯವರದ್ದು ‘ಸಿಂಗಲ್ ಒರಿಜಿನ್’ ಅಂತ ಮಾರೋದು ಸಾಧ್ಯವಾ ಅನ್ನೋದೇ ಅನುಮಾನ. ಊರಿನ ಹತ್ತು ಮನೆಯ ಹಣ್ಣು ಸೇರಿಸಿ ಒಂದೇ ಹೆಸರು ಹಾಕ್ತಾರೆ. ಅದು ಮೋಸ ಅಲ್ವಾ?

ಸೋಮವಾರಪೇಟೆ_ಕಣ
ಸೇರಿಸೋದು ಮೋಸ ಅಲ್ಲ ಸರ್, ಸೇರಿಸಿದ್ದನ್ನ ಮುಚ್ಚಿಡೋದು ಮೋಸ. ಇಥಿಯೋಪಿಯಾದಲ್ಲಿ ನೂರಾರು ಸಣ್ಣ ರೈತರು ಒಂದೇ ವಾಶಿಂಗ್ ಸ್ಟೇಷನ್‌ಗೆ ಹಣ್ಣು ತರ್ತಾರೆ, ಆ ಸ್ಟೇಷನ್ ಹೆಸರಲ್ಲೇ ಕಾಫಿ ಹೋಗುತ್ತೆ. ಕೀನ್ಯಾದಲ್ಲೂ ಸಹಕಾರಿ ಸಂಘಗಳದ್ದು ಹಾಗೇ. ನಮ್ಮ ಪಕ್ಕದ ಆಂಧ್ರದ ಅರಕು ಕಣಿವೆಯ ಆದಿವಾಸಿ ಬೆಳೆಗಾರರದ್ದೂ ಒಟ್ಟು ಸೇರಿಸಿದ ಕಾಫಿಯೇ. ಒಂದೇ ಎತ್ತರ, ಒಂದೇ ತಳಿ, ಒಂದೇ ತೊಟ್ಟಿ, ಒಂದೇ ಕೈಯ ಹದ ಇದ್ರೆ ಅದಕ್ಕೊಂದು ರುಚಿ ಇದ್ದೇ ಇರುತ್ತೆ. ‘ಒಂದೇ ತೋಟ’ ಅಂತ ಬರೆದು ಊರಿನದ್ದು ತುಂಬಿದ್ರೆ ಮಾತ್ರ ತಪ್ಪು.

ಬಿಳಿಗಿರಿ_ಸಂಪಿಗೆ
ನಮ್ಮ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟ ಮರೀಬೇಡಿ. ಮೈಸೂರಿಗೆ ಕೊಡಗಿನಷ್ಟೇ ಹತ್ತಿರ. ಆದಿವಾಸಿ ಸೋಲಿಗರ ಪೋಡುಗಳಲ್ಲಿ (ಹಾಡಿಗಳಲ್ಲಿ) ಕಾಡುಮರದ ನೆರಳಲ್ಲೇ ಕಾಫಿ ಇದೆ. 2011ರಲ್ಲಿ ಅವರ ಸಮುದಾಯ ಅರಣ್ಯ ಹಕ್ಕಿಗೆ ಮಾನ್ಯತೆ ಬಂತು. ಪಲ್ಪರ್ ಇಲ್ಲದ ಕಡೆ ಹಣ್ಣನ್ನ ಹಾಗೇ ಒಣಗಿಸಿ ಚೆರ್ರಿ ಮಾಡಿ ಮಧ್ಯವರ್ತಿಗೆ ಕೊಟ್ಟುಬಿಟ್ರೆ ಎತ್ತರದ, ನೆರಳಿನ ಅರೇಬಿಕಾಕ್ಕೂ ಬಯಲಿನ ದರವೇ. ನಿಮ್ಮಂಥ ಐದು ಮನೆಯವರು ಒಂದು ಪೋಡಿಗೆ ಕೈ ಪಲ್ಪರ್, ಹತ್ತು ಜಾಲರಿ ಟೇಬಲ್‌ಗೆ ಮುಂಗಡ ಕೊಟ್ರೆ ಅದೇ ಹಣ್ಣಿಗೆ ಬೇರೆ ಬೆಲೆ ಬರುತ್ತೆ.

ಚಾಮುಂಡಿಪುರಂ_88
ಅದೆಲ್ಲಾ ಇರಲಿ, ಮೈಸೂರ್ ನಗ್ಗೆಟ್ಸ್ ಅಂತ ಇದೆಯಲ್ಲ, ಅದು ಯಾವ ತೋಟದ್ದು? ಮೈಸೂರಲ್ಲಿ ಕಾಫಿ ಎಲ್ಲಿದೆ?

ಹುಣಸೂರು_ರಸ್ತೆ
ತೋಟದ ಹೆಸರಲ್ಲ ಅದು. ಮೈಸೂರ್ ನಗ್ಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್ ಅನ್ನೋದು ವಾಶ್ಡ್ ಅರೇಬಿಕಾದ ಒಂದು ದರ್ಜೆ. 7.5 ಮಿಲಿಮೀಟರ್ ಜರಡಿಯಲ್ಲಿ 90% ನಿಲ್ಲೋ ದಪ್ಪ ಬೀಜ. ಪ್ಲಾಂಟೇಷನ್ ಎಎ 7.1, ಎ 6.65 ಮಿಲಿಮೀಟರ್. ದಪ್ಪ ಇದ್ರೆ ಸಮನಾಗಿ ಹುರಿಯುತ್ತೆ ಅಷ್ಟೇ, ರುಚಿಗೆ ಅದೇ ಗ್ಯಾರಂಟಿ ಅಲ್ಲ. ನಾಲ್ಕು ತೋಟದ ದಪ್ಪ ಬೀಜ ಸೇರಿಸಿದ್ರೂ ಈ ದರ್ಜೆಯೇ.

ಇದಕ್ಕೊಂದು ಕಾರಣ ಇದೆ. ಕಾಫಿ ಬೋರ್ಡ್‌ನ ಪೂಲಿಂಗ್ (ಎಲ್ಲರ ಬೆಳೆ ಒಟ್ಟು ಸೇರಿಸಿ ಬೋರ್ಡೇ ಮಾರೋದು) ಇದ್ದಾಗ ಬೆಳೆದದ್ದೆಲ್ಲಾ ಪೂಲಿಗೆ ಹೋಗಬೇಕಿತ್ತು, ಅಲ್ಲಿ ದರ್ಜೆ ಉಳೀತಿತ್ತೇ ಹೊರತು ತೋಟದ ಹೆಸರಲ್ಲ. 1996ರಲ್ಲಿ ಅದು ಪೂರ್ತಿ ನಿಂತ ಮೇಲೆ ಬೆಳೆಗಾರರು ತಮ್ಮ ಹೆಸರಲ್ಲೇ ಮಾರೋ ಹಾಗಾಯ್ತು. ಹಾಗಾಗಿ ಈ ‘ಒಂದೇ ತೋಟ’ದ ಮಾತು ನಮ್ಮಲ್ಲಿ ಹೊಸದು.

ಜಯಲಕ್ಷ್ಮಿಪುರಂ_ಓದು
ಜಿಐ (ಭೌಗೋಳಿಕ ಸೂಚಕ) ಗುರುತು ಇದ್ರೆ ಸ್ಪೆಷಾಲಿಟಿ ಅಂತ ನಂಬಬಹುದಲ್ವಾ?

ವಿಜಯನಗರ_ರೋಸ್ಟರ್
ಇಲ್ಲ ಸರ್. 2019ರಲ್ಲಿ ಜಿಐ ಸಿಕ್ಕಿದ್ದು ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರೀಸ್ ಅರೇಬಿಕಾ, ವಯನಾಡ್ ರೋಬಸ್ಟಾ, ಅರಕು ವ್ಯಾಲಿ ಅರೇಬಿಕಾಕ್ಕೆ. ಅದು ಎಲ್ಲಿಯದು ಅಂತ ಹೇಳುತ್ತೆ, ಹೇಗಿದೆ ಅಂತಲ್ಲ. ಸ್ಪೆಷಾಲಿಟಿ ಅಂದ್ರೆ ರುಚಿ ಪರೀಕ್ಷೆಯಲ್ಲಿ 100ಕ್ಕೆ 80 ಅಥವಾ ಮೇಲೆ, ಜೊತೆಗೆ 350 ಗ್ರಾಂ ಹಸಿರು ಬೀಜದಲ್ಲಿ ಪೂರ್ತಿ ಕಪ್ಪು, ಪೂರ್ತಿ ಹುಳಿತ ಬೀಜದಂಥ ದೊಡ್ಡ ದೋಷ ಒಂದೂ ಇರಬಾರದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ: ಹುರಿದ ಬೀಜ 100 ಗ್ರಾಂ ಬಿಳಿ ತಟ್ಟೆ ಮೇಲೆ ಹರಡಿ. ಮಿಕ್ಕವೆಲ್ಲಾ ಕಂದಾಗಿ ಕೆಲವು ಮಾತ್ರ ಕಡಲೆಬೀಜದ ಬಣ್ಣದಲ್ಲಿ ಉಳಿದಿದ್ರೆ ಅವು ಎಳೆ ಕಾಯಿಯಿಂದ ಬಂದವು. ಸ್ಪೆಷಾಲಿಟಿಯಲ್ಲಿ ಒಂದೂ ಇರಬಾರದು. ಹತ್ತು ಸಿಕ್ಕಿದ್ರೆ ಕಣ ಅವರು ಹೇಳಿದ ಎಳೆದು ಕುಯ್ದ ತೋಟ ಅದು, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ.

ಮಂಡ್ಯ_ಹಾಲು
ರೋಬಸ್ಟಾ ಯಾಕೆ ಯಾರೂ ಮಾತೇ ಎತ್ತಕಿಲ್ಲ? ಕೊಡಗಲ್ಲಿ ಜಾಸ್ತಿ ಇರೋದೇ ಅದು. ಹಾಲಿಗೆ ಗಟ್ಟಿ ಬೇಕು ಅಂದ್ರೆ ಅದೇ ಸೈ.

ಗಿರಿ_ಸೀಮೆ
ಒಪ್ಪಿದೆ ಅಣ್ಣ. ಕೆಂಪು ಹಣ್ಣು ಕುಯ್ದು, ಲೋಳೆ ತೆಗೆದು ತೊಳೆದ ರೋಬಸ್ಟಾ ಬೇರೆಯೇ. ಅದರ ಲೋಳೆ ಗಟ್ಟಿ, ಹುದುಗಿನಲ್ಲೇ ಬಿಡಿಸ್ತೀವಿ ಅಂದ್ರೆ 72 ಗಂಟೆವರೆಗೂ ಹಿಡಿಯುತ್ತೆ, ಅದಕ್ಕೆ ಯಂತ್ರದಲ್ಲಿ ಉಜ್ಜಿ ತೆಗೆಯೋರು ಜಾಸ್ತಿ. ಅರೇಬಿಕಾ 70, ತೊಳೆದ ರೋಬಸ್ಟಾ 30 ಹಾಕಿದ್ರೆ ಚಿಕೋರಿ ಇಲ್ಲದೆಯೂ ನೊರೆ, ಗಟ್ಟಿತನ ಬರುತ್ತೆ. ಎರಡೂ ಒಂದೇ ತೋಟದ್ದಾದ್ರೆ ಹೆಸರೂ ಉಳೀತು.

ಕುವೆಂಪುನಗರ_ಕಾಫಿ
ಎಲ್ಲರಿಗೂ ಧನ್ಯವಾದ. ಸ್ಟೀಲ್ ಫಿಲ್ಟರ್, ಟಿಡಿಎಸ್ 120, ಅದೇ ತೋಟದ ಬೀಜ ನುಣ್ಣಗೆ ಬೀಸಿ 30 ಗ್ರಾಂ: 24 ನಿಮಿಷಕ್ಕೆ ಇಳೀತು. ಮೂಸಂಬಿ ಹುಳಿ ಇದೆ, ಹಿಂದೆ ಬೆಲ್ಲದ ಸಿಹಿ. ಹಾಲು ಒಡೆಯಲಿಲ್ಲ. ಲೋಟದ ಪರೀಕ್ಷೆಯಲ್ಲಿ ಹೆಂಡದ ವಾಸನೆ ಇಲ್ಲ. 100 ಗ್ರಾಂನಲ್ಲಿ ತಿಳಿ ಬಣ್ಣದ್ದು ಎರಡು. ಹಾಗಾದ್ರೆ ತೋಟದ ತಪ್ಪಲ್ಲ. ತಿಂಗಳಿಗೆ ಹತ್ತು ಕೆಜಿ ಅವರಿಂದಲೇ ಕೇಳಬಹುದಾ? ಮೂರೆಕರೆಯಲ್ಲಿ ಅಷ್ಟು ಬರುತ್ತಾ?

ಹುಣಸೂರು_ರಸ್ತೆ
ವರ್ಷಕ್ಕೆ 120 ಕೆಜಿ ಹುರಿದದ್ದು ಅಂದ್ರೆ 141 ಕೆಜಿ ಹಸಿರು ಬೀಜ, ಸುಮಾರು 880 ಕೆಜಿ ಹಣ್ಣು. ನಮ್ಮ ದೇಶದ ಅರೇಬಿಕಾ ಸರಾಸರಿ ಎಕರೆಗೆ 200 ಕೆಜಿ ಹಸಿರು ಬೀಜದ ಒಳಗೇ. ಮೂರೆಕರೆಯಲ್ಲಿ ಇಷ್ಟು ಸಿಗುತ್ತೆ, ಆದ್ರೆ ಮೊದಲ ಮತ್ತು ಕೊನೆ ಸುತ್ತು ಬಿಟ್ಟು ನಡುವಿನ ಒಳ್ಳೆ ಹಣ್ಣು ಮಾತ್ರ ಕೇಳಿ. ಉಳಿದದ್ದನ್ನ ಅವರು ಮಾರುಕಟ್ಟೆಗೆ ಕೊಡಲಿ.

ಸೋಮವಾರಪೇಟೆ_ಕಣ
ಕೇಳೋದನ್ನ ಅಕ್ಟೋಬರ್ ಒಳಗೆ ಕೇಳಿ ಸರ್. ಕುಯ್ಲು ಶುರುವಾದ ಮೇಲೆ ಬಂದು ಕೆಂಪು ಬೇಕು ಅಂದ್ರೆ ಆಳು ಗೊತ್ತುಮಾಡಿ ಆಗಿರುತ್ತೆ. ಕೂಲಿಯ ವ್ಯತ್ಯಾಸದಷ್ಟು ಮುಂಗಡ ಕೊಡಿ. ವರ್ಷದ್ದು ಒಂದೇ ಸಲ ಹಸಿರು ಬೀಜ ಮಾಡಿಸಬೇಡಿ. ಪಾರ್ಚ್‌ಮೆಂಟ್‌ನಲ್ಲೇ, ಗಾಳಿಯಾಡದ ಲೈನರ್ ಹಾಕಿದ ಗೋಣಿಯಲ್ಲಿ ಇಟ್ಟು, ಎರಡು ತಿಂಗಳಿಗೊಮ್ಮೆ ಬೇಕಾದಷ್ಟೇ ತೊಗಟೆ ತೆಗೆಸಿ. ದೊಡ್ಡ ಕ್ಯೂರಿಂಗ್ ಮಿಲ್‌ನಲ್ಲಿ (ತೊಗಟೆ ತೆಗೆದು ದರ್ಜೆ ಮಾಡೋ ಕಡೆ) ಮೂರು ಮೂಟೆಯನ್ನ ಬೇರೆಯಾಗಿ ಹಾಕಿಸೋದು ಕಷ್ಟ, ಬೇರೆಯವರದ್ದರ ಜೊತೆ ಬೆರೆತುಹೋಗುತ್ತೆ. ಚಿಕ್ಕ ಹಲ್ಲರ್ (ತೊಗಟೆ ತೆಗೆಯೋ ಯಂತ್ರ) ಇರೋ ಕಡೆ, ಎದುರಿಗೇ ನಿಂತು ಮಾಡಿಸಿ. ಮೂಟೆ ಮೇಲೆ ಕುಯ್ದ ವಾರ, ತಳಿ, ಎಷ್ಟು ಗಂಟೆ ಹುದುಗು, ಒಣಗಿದ ದಿನ ಬರೆದಿರಲಿ. ಮುಂದಿನ ವರ್ಷ ರುಚಿ ಬದಲಾದ್ರೆ ಎಲ್ಲಿ ಬದಲಾಯ್ತು ಅಂತ ನೋಡೋಕೆ ಅದೇ ಬೇಕು.

ಕಲಾಯಿ_ಕಣ್ರೀ
ಹಿತ್ತಾಳೆ ಫಿಲ್ಟರ್ ಬಿಸಾಕಬೇಡಿ ಮತ್ತೆ. ಕಲಾಯಿ ಹಾಕಿಸಿ, ತೂತುಗಳಲ್ಲಿ ತವರ ಕೂತಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ ತಗೊಂಡು ಬನ್ನಿ.